ಇನುಯಿತರ ಕಥನಪರಂಪರೆ ಮತ್ತು ಚಿತ್ರಮಾಧ್ಯಮ: ಒಂದು ವಿವೇಚನೆ

ಕೆನಡ ದೇಶದ ಉತ್ತರಭಾಗದಲ್ಲಿ, ಧ್ರುವವೃತ್ತದಿಂದಾಚೆ, ಇಗ್ಲೂಲಿಕ್ ಎಂಬ ಸಣ್ಣ ಊರಿದೆ. ವರ್ಷದ ಬಹುಭಾಗ ಹಿಮ ಮುಚ್ಚಿರುವ ಆ ಊರಿನ ಇನುಯಿತ್ ಜನರು 1970ರ ದಶಕದಲ್ಲಿ ಎರಡು ಸಲ ಮತ ಚಲಾಯಿಸಿ, ದೂರದರ್ಶನವು ತಮಗೆ ಬೇಡವೆಂದು ನಿರ್ಧರಿಸಿದರು. ದಕ್ಷಿಣದಿಂದ ಬರುವ ಕಾರ್ಯಕ್ರಮಗಳಲ್ಲಿ ತಮ್ಮ ನುಡಿಯಾದ ಇನುಕ್ತಿತುತ್‌ಗೆ ಎಡೆಯಿಲ್ಲವೆಂಬುದೇ ಅವರ ಆಕ್ಷೇಪಣೆಯಾಗಿದ್ದಿತು. ಅವರದೇ ನುಡಿಯ ಕಾರ್ಯಕ್ರಮಗಳು ಸಿದ್ಧವಾಗತೊಡಗಿದ ಮೇಲೆ 1983ರಲ್ಲಿ ಆ ಊರು ದೂರದರ್ಶನವನ್ನು ಬರಮಾಡಿಕೊಂಡಿತು. ಇದನ್ನು ಯಂತ್ರಭೀತಿಯೆಂದು ಎಣಿಸುವುದು ಸರಿಯಲ್ಲ. ಅವರು ಅಂಜಿದ್ದು ಯಂತ್ರಕ್ಕಲ್ಲ, ಅದರ ಮೂಲಕ ಮನೆಯೊಳಕ್ಕೆ ಬಂದು ಮಕ್ಕಳ ಬಾಯಲ್ಲಿ ನೆಲಸುವ ಪರನುಡಿಗೆ.

ಆದರೆ ಚಿತ್ರದ ಮೋಹ ಆ ಊರಿಗೆ ಮೊದಲೇ ತಟ್ಟಿತ್ತು. 1957ರಲ್ಲಿ ಜನಿಸಿದ ಝಕರಿಯಾಸ್ ಕುನುಕ್ ಬಾಲ್ಯದಲ್ಲಿ ಮೆದುಗಲ್ಲಿನ ಬೊಂಬೆಗಳನ್ನು ಕೆತ್ತಿ, ಅವುಗಳನ್ನು ಮಾರಿದ ಕಾಸಿನಿಂದ ಅಮೆರಿಕದ ಕುದುರೆಸವಾರರ ಚಿತ್ರಗಳನ್ನು ನೋಡುತ್ತಿದ್ದವರು. 1981ರಲ್ಲಿ ಅವರು ಅದೇ ಶಿಲ್ಪಗಳನ್ನು ಮಾಂಟ್ರಿಯಲ್ ನಗರದಲ್ಲಿ ಮಾರಿ ವಿಡಿಯೋ ಕ್ಯಾಮೆರಾ ಕೊಂಡುತಂದರು. ಪಾಲ್ ಅಪಾಕ್, ಪಾಲೂಸಿ ಕುಲಿತಾಲಿಕ್ ಮತ್ತು ನಾರ್ಮನ್ ಕೋನ್ ಇವರೊಡಗೂಡಿ 1990ರಲ್ಲಿ ಸ್ಥಾಪಿಸಿದ ಸಂಸ್ಥೆಗೆ ‘ಇಸುಮಾ’ ಎಂದು ಹೆಸರಿಟ್ಟರು. ಆ ಶಬ್ದಕ್ಕೆ ಆಲೋಚನೆಯೆಂದು ಅರ್ಥ.

ಈ ಸಂಸ್ಥೆಯ ‘ಅತನಾರ್ಜುವಾತ್’ (2001) ಇನುಕ್ತಿತುತ್ ನುಡಿಯಲ್ಲಿಯೇ ರಚಿತವಾಗಿ, ಆ ಜನರಿಂದಲೇ ನಿರ್ದೇಶಿತವೂ ಅಭಿನೀತವೂ ಆದ ಮೊದಲ ಕಥಾಚಿತ್ರ. ಕಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗೆ ಕೊಡುವ ಸುವರ್ಣ ಕ್ಯಾಮೆರಾ ಪ್ರಶಸ್ತಿ ಅದಕ್ಕೆ ದೊರೆಯಿತು. ಆದರೆ ಪ್ರಶಸ್ತಿಗಿಂತಲೂ ಪರಿಶೀಲನಾರ್ಹವಾದುದು ಅದು ರೂಪುಗೊಂಡ ಬಗೆ. ಶತಮಾನಗಳಿಂದ ಬಾಯಿಂದ ಬಾಯಿಗೆ ಬಂದ ಕಥೆಯನ್ನು ಅಪಾಕ್ ಎಂಟು ಮಂದಿ ಹಿರಿಯರಿಂದ ಕೇಳಿ ದಾಖಲಿಸಿ, ಆ ಪಾಠಗಳನ್ನು ಹೋಲಿಸಿ ಒಂದಾಗಿ ಹೆಣೆದರು. ಚಿತ್ರ ಪೂರ್ಣವಾಗುವ ಮುನ್ನವೇ, 1998ರಲ್ಲಿ, ಅವರು ತೀರಿಕೊಂಡರು. ತೊಗಲಿನ ಉಡುಪನ್ನು ಊರಿನ ಹೆಂಗಸರು ಕೈಯಿಂದ ಹೊಲಿದರು. ಈಟಿ, ಹಿಮದ ಗಾಡಿ, ಸೀಲ್ ಪ್ರಾಣಿಯ ಕೊಬ್ಬಿನಿಂದ ಉರಿಯುವ ಕಲ್ಲುದೀಪ ಇವೆಲ್ಲವೂ ಹಳೆಯ ರೀತಿಯಲ್ಲಿ ಸಿದ್ಧವಾದವು. ಹೊಲಿಗೆ ಹಾಕುವವಳಿಗೆ ಹೊಲಿಗೆಯ ಮಾತು ಬೇಕು, ಈಟಿ ಮಾಡುವವನಿಗೆ ಅದರ ಒಂದೊಂದು ಅಂಗದ ಹೆಸರೂ ಬೇಕು. ನಿಘಂಟಿನಲ್ಲಿ ಮಲಗಿದ್ದ ಶಬ್ದಗಳು ಹೀಗೆ ಕೆಲಸದ ನೆಪದಲ್ಲಿ ಮತ್ತೆ ನಾಲಗೆಗೆ ಬಂದವು. ಚಿತ್ರದಿಂದ ನುಡಿಗಾದ ಲಾಭವನ್ನು ಎಣಿಸುವವರು ತೆರೆಯ ಮೇಲೆ ಕಾಣುವುದನ್ನಷ್ಟೇ ಎಣಿಸಿದರೆ ಈ ಭಾಗ ಲೆಕ್ಕಕ್ಕೇ ಸಿಗುವುದಿಲ್ಲ.

ತೆರೆಯ ಮೇಲಿನ ನುಡಿಗೂ ಅದರದೇ ಸತ್ತ್ವವಿದೆ. ಪಾನಿಕ್‌ಪಾಕ್ ಎಂಬ ವೃದ್ಧೆ ಆತುವಾತ್ ಎಂಬ ಎಳೆಯ ಹುಡುಗಿಯನ್ನು ‘ಪುಟ್ಟ ತಾಯಿ’ ಎಂದು ಕರೆಯುತ್ತಾಳೆ. ಆ ಹುಡುಗಿಗೆ ವೃದ್ಧೆಯ ತಾಯಿಯ ಹೆಸರನ್ನಿಟ್ಟಿರುವುದರಿಂದ, ಇನುಯಿತರ ನಂಬಿಕೆಯಂತೆ, ಹೆಸರಿನೊಡನೆ ಸಂಬಂಧವೂ ಅವಳಿಗೆ ಸಂದಿದೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಟ್ಟು, ಆ ಮಗುವನ್ನು ಗದರಿಸಲು ಹಿಂಜರಿಯುವ ನಮ್ಮ ಮನೆಗಳವರಿಗೆ ಇದು ತೀರ ಅಪರಿಚಿತವೆನಿಸದು. ಚಿತ್ರ ಈ ಸಂಬೋಧನೆಯನ್ನು ಹೊರಗಿನವರಿಗಾಗಿ ವಿವರಿಸುವುದಿಲ್ಲ. ಮೊದಲ ಅರ್ಧಗಂಟೆ ಪರದೇಶದ ಪ್ರೇಕ್ಷಕನಿಗೆ ಯಾರು ಯಾರೆಂಬುದೇ ತಿಳಿಯದೆ ತೊಡಕಾಗುವುದುಂಟು. ಹಲವರು ಇದನ್ನು ದೋಷವೆಂದಾರು. ಸ್ವಜನರನ್ನು ಎದುರಿಗಿಟ್ಟುಕೊಂಡು ಹೇಳಿದ ಕಥೆಗೆ ಇದು ಗುಣವೆಂದೇ ಭಾವಿಸಬೇಕು.

ವಿವಾದಕ್ಕೆಡೆಯಾದುದು ಕಥೆಯ ಅಂತ್ಯ. ದಾಯಾದಿ ಮತ್ಸರದಂತೆ ಬೆಳೆದ ವೈರದಲ್ಲಿ ಓಕಿ ಎಂಬವನು ನಾಯಕನ ಅಣ್ಣನನ್ನು ಕೊಲ್ಲುತ್ತಾನೆ. ನಾಯಕ ಬೆತ್ತಲೆಯಾಗಿ, ಬರಿಗಾಲಲ್ಲಿ, ಒಡೆಯುತ್ತಿರುವ ಸಮುದ್ರಹಿಮದ ಮೇಲೆ ಓಡಿ ಪಾರಾಗುತ್ತಾನೆ. ಮರಳಿ ಬಂದು ಶತ್ರುಗಳನ್ನು ಸಂಹರಿಸುವುದು ಪರಂಪರೆಯ ಕಥೆ. ಚಿತ್ರದಲ್ಲಾದರೋ ಆತ ಎತ್ತಿದ ಕೈಯನ್ನು ಇಳಿಸಿ, ಕೊಲೆ ಇಲ್ಲಿಗೇ ನಿಲ್ಲಲೆನ್ನುತ್ತಾನೆ, ತಪ್ಪಿತಸ್ಥರು ಗಡಿಪಾರಾಗುತ್ತಾರೆ. ಸಂರಕ್ಷಣೆಯ ಹೆಸರಿನಲ್ಲಿ ಮೂಲವನ್ನೇ ಬದಲಿಸಬಹುದೇ? ಒಂದೊಂದು ತಲೆಮಾರಿಗೂ ತನ್ನದೇ ಪಾಠವಿರುತ್ತದೆಂಬುದು ಕುನುಕ್ ಅವರ ಸಮಾಧಾನ.

ಶೂನ್ಯಸಂಪಾದನೆಯನ್ನು ಬಲ್ಲ ವಾಚಕರಿಗೆ ಈ ಪ್ರಶ್ನೆ ಹೊಸದಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನ ಕೃತಿಯನ್ನು ಅನಂತರದವರು ಮತ್ತೆ ಮತ್ತೆ ಸಂಪಾದಿಸಿ, ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾದ ಪ್ರಸಂಗವನ್ನು ಸೇರಿಸಿದರು. ಹಾಗೆ ಸೇರಿಸಿದ್ದು ಸಿದ್ಧಾಂತದ ಒಳಗಿನವರು. ಹಿಂದಿನ ಪಾಠವೂ ಅಳಿಯದೆ ಉಳಿದಿದ್ದರಿಂದ ಇಂದು ಎರಡನ್ನೂ ಹೋಲಿಸಿ ನೋಡಲು ಸಾಧ್ಯವಾಗಿದೆ. ಅತನಾರ್ಜುವಾತ್‌ನ ವಿಷಯದಲ್ಲಿಯೂ ಒಳಗಿನವರೇ ಕೈಯಾಡಿಸಿದ್ದಾರೆಂಬುದು ಸರಿ. ಆದರೆ ಚಿತ್ರದ ಪ್ರಭಾವ ಓಲೆಯದಂತಲ್ಲ. ಅದನ್ನು ನೋಡಿ ಬೆಳೆದ ಮಗುವಿಗೆ ಕ್ಷಮೆಯ ಪಾಠವೇ ಏಕೈಕ ಪಾಠವಾಗಿ, ಎಂಟು ಹಿರಿಯರು ಎಂಟು ಬಗೆಯಲ್ಲಿ ಹೇಳಿದ್ದು ಧ್ವನಿಮುದ್ರಿಕೆಗಳಲ್ಲೇ ಉಳಿದುಬಿಡಬಹುದು. ಈ ಅಳುಕು ಚಿತ್ರದ ಸೊಬಗಿನಿಂದ ಪರಿಹಾರವಾಗುವಂಥದಲ್ಲ.

ಚೇತನಚಿತ್ರದ ಮಾರ್ಗ ಇದಕ್ಕಿಂತ ಸ್ವಲ್ಪ ಭಿನ್ನ. 1974ರಲ್ಲಿ ಕ್ಯಾರೊಲಿನ್ ಲೀಫ್ ಎಂಬಾಕೆ ಗಾಜಿನ ಮೇಲೆ ಮರಳನ್ನು ಹರಡಿ, ಹೆಬ್ಬಾತನ್ನು ಮದುವೆಯಾದ ಗೂಬೆಯ ಇನುಯಿತ್ ಕಥೆಯನ್ನು ಚಿತ್ರಿಸಿದರು; ಸಂಭಾಷಣೆ ಇನುಕ್ತಿತುತ್‌ನದೇ ಆದರೂ ಕೈ ಹೊರಗಿನವರದು. ಕುನುಕ್ ಅವರೇ 2021ರಲ್ಲಿ ಬೊಂಬೆಗಳನ್ನು ಬಳಸಿ ಮಾಡಿದ ‘ಅಂಗಾಕುಸಾಜೌಜುಕ್’ ಇಪ್ಪತ್ತು ನಿಮಿಷಗಳ ಕಿರುಚಿತ್ರ. ರೋಗಿಯೊಬ್ಬನ ವ್ಯಾಧಿಯ ಕಾರಣವನ್ನರಿಯಲು ಮಂತ್ರವಾದಿನಿಯಾದ ಅಜ್ಜಿ ತನ್ನ ಶಿಷ್ಯೆಯನ್ನು ನೆಲದಡಿಯ ಶಕ್ತಿಯಾದ ಕನ್ನಾಲುಕ್‌ಳ ಬಳಿಗೆ ಒಯ್ಯುತ್ತಾಳೆ. ಪಾದ್ರಿಗಳು ಇಂಥ ವಿದ್ಯೆಯನ್ನು ಪಾಪವೆಂದು ಸಾರಿದ್ದರಿಂದ ಅದನ್ನು ಕುರಿತು ಮಾತನಾಡಲೂ ಜನರು ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಮನುಷ್ಯನಟರು ಅಭಿನಯಿಸಿದರೆ ವೇಷವೆನಿಸಬಹುದಾದ ಪಾತಾಳಯಾತ್ರೆ ಬೊಂಬೆಯಲ್ಲಿ ನಂಬುವಂತೆ ಕಾಣುತ್ತದೆ. ಗುರುವು ಶಿಷ್ಯೆಗೆ ವಿದ್ಯೆಯನ್ನು ಬೋಧಿಸದೆ, ಅವಳನ್ನು ಭಯದ ಎದುರಿಗೇ ನಿಲ್ಲಿಸುವ ಸನ್ನಿವೇಶ ಗುರುಕರುಣೆಯ ವಿಚಾರದಲ್ಲಿ ಆಸಕ್ತರಾದವರು ನೋಡತಕ್ಕದ್ದು.

ಸಿದ್ಧಚಿತ್ರಗಳಿಗೆ ಬೇರೊಂದು ನುಡಿಯ ಧ್ವನಿಯನ್ನು ಜೋಡಿಸುವ ಕ್ರಮವೂ ಉಂಟು. ಡಿಸ್ನಿಯವರ ‘ಬ್ಯಾಂಬಿ’ 1994ರಲ್ಲಿ ಅಮೆರಿಕದ ಮೂಲನಿವಾಸಿಗಳ ಅರಾಪಾಹೋ ನುಡಿಗೂ, ‘ಮೊವಾನಾ’ 2017ರಲ್ಲಿ ನ್ಯೂಜಿಲೆಂಡಿನ ಮಾವೊರಿ ನುಡಿಗೂ ಬಂದವು. ತನ್ನ ನುಡಿ ಮನೆಯ ಮುದುಕರದು ಮಾತ್ರವಲ್ಲವೆಂದು ಮಗುವಿಗೆ ಅನ್ನಿಸಿದರೆ ಅದು ಅಲ್ಪ ಪ್ರಯೋಜನವಲ್ಲ. ಆದರೂ ಅಲ್ಲಿ ಕಥೆ ಎರವಿನದು. ‘ಪುಟ್ಟ ತಾಯಿ’ಯಂಥ ಸಂಬೋಧನೆಗೆ ಬ್ಯಾಂಬಿಯ ಕಾಡಿನಲ್ಲಿ ಸ್ಥಳವಿಲ್ಲ.

ಇವೆಲ್ಲಕ್ಕಿಂತ ಕಠಿನ ಸ್ಥಿತಿ ಕೆನಡದ ಪಶ್ಚಿಮ ಕರಾವಳಿಯ ದ್ವೀಪಗಳಲ್ಲಿರುವ ಹೈಡಾ ಜನರದು. ಅವರ ನುಡಿಯ ಮೊದಲ ಕಥಾಚಿತ್ರ ‘ಸ್ಗಾವಾಯ್ ಕೂನಾ’ 2018ರಲ್ಲಿ ಹೊರಬಂದಾಗ ಆ ನುಡಿಯನ್ನು ನಿರರ್ಗಳವಾಗಿ ಆಡಬಲ್ಲವರು ಇಪ್ಪತ್ತರಷ್ಟಿದ್ದರು. ನಟರಲ್ಲಿ ಬಹುಮಂದಿಗೆ ಹೈಡಾ ಬಾರದು. ಆದಕಾರಣ ಚಿತ್ರೀಕರಣಕ್ಕೆ ಮೊದಲು ಎರಡು ವಾರಗಳ ಶಿಬಿರವನ್ನೇರ್ಪಡಿಸಿ, ಹಿರಿಯರ ಎದುರಿಗೆ ಕುಳಿತು ಅವರು ಮಾತುಗಳನ್ನು ಕಲಿತರು. ಕಂಠಪಾಠದಿಂದ ಬಂದ ನುಡಿ ಅಲ್ಲಲ್ಲಿ ಬಿಗಿಯಾಗಿ ಕೇಳಿಸುವುದು ಅಸಂಭವವಲ್ಲ. ಆದರೆ ಮಾತನ್ನು ತಿದ್ದುವ ಹಿರಿಯರೂ ತಿದ್ದಿಸಿಕೊಳ್ಳುವ ಕಿರಿಯರೂ ಒಂದೆಡೆ ಸೇರಿದ ಆ ಎರಡು ವಾರಗಳು ಆ ಚಿತ್ರವಿಲ್ಲದಿದ್ದರೆ ಒದಗುತ್ತಿರಲಿಲ್ಲ.