ಗುಂಡುಸೂಜಿ ಮತ್ತು ಗುಂಡಿ

ಆಡಂ ಸ್ಮಿತ್‌ನ ‘ವೆಲ್ತ್ ಆಫ್ ನೇಷನ್ಸ್’ (1776) ಈಗ್ಯಾಕೆ ಓದಬೇಕು ಅಂತ ಚಳವಳಿಯ ಗೆಳೆಯರು ಕೇಳ್ತಾರೆ. ತರಗತಿಯಲ್ಲಿ ನಾವು ಹೇಳೋದು ಗುಂಡುಸೂಜಿ ಕಾರ್ಖಾನೆಯ ಕಥೆಯೊಂದೇ: ಕೆಲಸ ಹಂಚಿಕೊಂಡ ಹತ್ತು ಜನ ದಿನಕ್ಕೆ 48,000ಕ್ಕೂ ಮೇಲೆ ಸೂಜಿ ಮಾಡುತ್ತಾರೆ. ನಾನೂ ಪಾಠವನ್ನ ಅಲ್ಲಿಗೇ ಮುಗಿಸಿದವನು. ಆದರೆ ಮರು ಅಧ್ಯಾಯದಲ್ಲೇ ಸ್ಮಿತ್, ತತ್ವಜ್ಞಾನಿಗೂ ಬೀದಿಯ ಹಮಾಲನಿಗೂ ಇರುವ ಅಂತರ ಹುಟ್ಟಿಗಿಂತ ರೂಢಿ, ಶಿಕ್ಷಣಗಳಿಂದ ಬಂದದ್ದು ಎನ್ನುತ್ತಾನೆ. ಐದನೇ ಭಾಗದಲ್ಲಿ, ಜೀವಮಾನವೆಲ್ಲ ಒಂದೇ ಸಣ್ಣ ಕೆಲಸಕ್ಕೆ ಬಿದ್ದವನ ಬುದ್ಧಿ ಮಂಕಾಗುತ್ತದೆ ಎಂದು ಎಚ್ಚರಿಸುತ್ತಾನೆ. ಈ ಪುಟಗಳನ್ನ ಹಾರಿಸಿ ಓದಿಸುವುದೂ ಒಂದು ರಾಜಕಾರಣವೇ.

ಸ್ಮಿತ್‌ಗೆ ಕಾಣದ್ದು ಅಂಬೇಡ್ಕರ್‌ಗೆ ಕಂಡಿತು. ಕೆಲಸದ ಹಂಚಿಕೆಯ ಹೆಸರಲ್ಲಿ ಜಾತಿಯು ದುಡಿಯುವವರನ್ನೇ ಮೇಲು ಕೀಳಾಗಿ ಒಡೆದಿದೆ ಎಂದು 1936ರ ‘ಜಾತಿ ವಿನಾಶ’ದಲ್ಲಿ ತೋರಿಸಿದರು. ಇಲ್ಲಿ ಕೆಲಸ ಹುಟ್ಟಿಗೇ ಅಂಟಿಕೊಂಡಿದೆ. ಮಲ ಬಾಚಿಸುವುದನ್ನು 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಕಾನೂನು ನಿಷೇಧಿಸಿತು. ಆಮೇಲೂ ಗುಂಡಿಗಿಳಿದು ಸತ್ತವರು ಯಾರ ಮಕ್ಕಳು? ಯಾವ ಮಾರುಕಟ್ಟೆ ಅವರನ್ನ ಅಲ್ಲಿಗೆ ಇಳಿಸಿತು?

ಅದಕ್ಕೇ ಹಳೆಯ ಅರ್ಥಶಾಸ್ತ್ರವನ್ನ ನಾವು ಓದಬೇಕು, ಅದರ ಜೊತೆ ಜಗಳ ಆಡುತ್ತಲೇ ಓದಬೇಕು. ಬೇರೆಯವರ ಕೈಗೇ ಬಿಟ್ಟರೆ ನಮ್ಮ ಹುಡುಗರಿಗೆ ಸಿಗೋದು ಬರೀ ಸೂಜಿಯ ಲೆಕ್ಕ.