ಮೇಜಿನ ಮೇಲೆ ಮೈಸೂರು ಸೈನ್ಯ

ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ನಡುವೆ ಎತ್ತರದ ಯಾವುದಾದರೂ ಮಹಡಿ ಹತ್ತಿದರೆ, ಮೋಡವಿಲ್ಲದ ದಿನ ಈಶಾನ್ಯಕ್ಕೆ ನಂದಿಬೆಟ್ಟ ಕಾಣುತ್ತದೆ. ಪೂರ್ವಕ್ಕೆ ಸುಮಾರು 20 ಕಿಲೋಮೀಟರು ಹೋದರೆ ದೇವನಹಳ್ಳಿ ಕೋಟೆ. 1749ರಲ್ಲಿ ಆ ಕೋಟೆಯ ಮುತ್ತಿಗೆಯಲ್ಲೇ ಹೈದರಾಲಿ ಮೊದಲು ಹೆಸರು ಮಾಡಿದ್ದು. ಬಾಶೆಟ್ಟಿಹಳ್ಳಿಯ ಮಗ್ಗುಲಲ್ಲೇ ಇರುವ ದೊಡ್ಡಬಳ್ಳಾಪುರವನ್ನು ಅವನು 1761ರಲ್ಲಿ ಅಬ್ಬಾಸ್ ಕುಲಿ ಖಾನನಿಂದ ಕಿತ್ತುಕೊಂಡ. ಮೇಜಿನ ಮೇಲೆ ಇಂಚೆತ್ತರದ ಸಿಪಾಯಿ ಗೊಂಬೆಗಳನ್ನು ನಿಲ್ಲಿಸಿ ಹಳೆಯ ಕಾಳಗಗಳನ್ನು ಆಡುವವರಿಗೆ ಇಷ್ಟು ಸಾಮಗ್ರಿ ಒಂದೇ ಕಡೆ ಸಿಗುವುದು ಅಪರೂಪ. ಆದರೆ ಆಡುವ ನಿಯಮಗಳು ಬಂದದ್ದೆಲ್ಲ ಹೊರಗಿನಿಂದ. ಆ ಪರಂಪರೆ ನಮ್ಮ ನೆಲದ ಕಾಳಗಗಳನ್ನು ಎಷ್ಟರ ಮಟ್ಟಿಗೆ ಹಿಡಿಯಬಲ್ಲದು ಎಂಬುದು ನನ್ನ ಪ್ರಶ್ನೆ.

ವಂಶಾವಳಿ ಚಿಕ್ಕದು. ಪ್ರಷ್ಯದ ರೈಸ್‌ವಿಟ್ಸ್ 1824ರಲ್ಲಿ ಅಧಿಕಾರಿಗಳ ತರಬೇತಿಗೆಂದು ಯುದ್ಧದಾಟವನ್ನು ರೂಪಿಸಿದ. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಅದನ್ನು ಮನೆಯ ನೆಲಕ್ಕಿಳಿಸಿ ಸ್ಪ್ರಿಂಗ್ ಫಿರಂಗಿಯಿಂದ ಗೊಂಬೆ ಉರುಳಿಸಿದ. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ಪುಸ್ತಕ ಹವ್ಯಾಸವನ್ನು ತನ್ನ ಕಾಲ ಮೇಲೆ ನಿಲ್ಲಿಸಿತು. ನಿಜವಾದ ಕುಶಲತೆ ಬಂದದ್ದು ಮಾತ್ರ 1981ರಲ್ಲಿ, ಸಿ. ಎಸ್. ಗ್ರಾಂಟ್ 52 ಸನ್ನಿವೇಶಗಳನ್ನು ಒಂದು ಪುಸ್ತಕದಲ್ಲಿ ಕೊಟ್ಟಾಗ. ಯಾರು ಯಾವ ಅಂಚಿನಿಂದ ಬರುತ್ತಾರೆ, ಎಷ್ಟು ಸುತ್ತು ಆಟ, ಗೆಲುವು ಯಾವುದು, ಇವಿಷ್ಟನ್ನು ತೀರ್ಮಾನಿಸುವುದೇ ಸನ್ನಿವೇಶ. ಎರಡೂ ಕಡೆಗೆ ಸಮಬಲ ಬೇಕಿಲ್ಲ, ಗುರಿ ಬೇರೆಬೇರೆ ಇದ್ದರೆ ಸಾಕು ಎಂಬುದನ್ನು ಗ್ರಾಂಟ್ ಮನದಟ್ಟು ಮಾಡಿಸಿದ. ದೇವಸ್ಥಾನದ ಜಗಲಿಕಲ್ಲಿನ ಮೇಲೆ ಹುಲಿ-ಕುರಿ ಆಡಿದವರಿಗೆ ಇದು ಹೊಸ ಪಾಠವಲ್ಲ. ಮೂರು ಹುಲಿ, ಹದಿನೈದು ಕುರಿ. ಹುಲಿಗೆ ಹೊಡೆತವೇ ಗೆಲುವು, ಕುರಿಗೆ ಹುಲಿಯ ದಾರಿ ಕಟ್ಟುವುದೇ ಗೆಲುವು.

ಈ ಪರಂಪರೆಯ ಇನ್ನೊಂದು ಗುಣವನ್ನೂ ಮೆಚ್ಚಲೇಬೇಕು. 2008ರ ‘ಶಾರ್ಪ್ ಪ್ರಾಕ್ಟೀಸ್’ ನಿಯಮಗಳಲ್ಲಿ ಯಾವ ತುಕಡಿ ಯಾವಾಗ ಚಲಿಸಬೇಕೆಂದು ಇಸ್ಪೀಟಿನಂತೆ ಕಲೆಸಿದ ಕಾರ್ಡುಗಳು ಹೇಳುತ್ತವೆ. ಸುತ್ತು ಮುಗಿಸುವ ಕಾರ್ಡಿಗೆ ‘ಟಿಫಿನ್’ ಎಂದು ಹೆಸರು. ಅದು ಬೇಗ ಬಂದುಬಿಟ್ಟರೆ ನಿಮ್ಮ ಅರ್ಧ ಸೈನ್ಯ ಕೈಕಟ್ಟಿ ನಿಲ್ಲುತ್ತದೆ. ದಳಪತಿಯ ಆಜ್ಞೆ ರಣರಂಗದಲ್ಲಿ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಆಟ ನಾನು ಕಂಡಿಲ್ಲ.

ಎಡವಟ್ಟು ಶುರುವಾಗುವುದು ವಸಾಹತು ಯುದ್ಧಗಳ ಶಾಖೆಯಲ್ಲಿ. ಲ್ಯಾರಿ ಬ್ರೋಮ್‌ನ ‘ದಿ ಸ್ವೋರ್ಡ್ ಅಂಡ್ ದಿ ಫ್ಲೇಮ್’ (1979), ಡ್ಯಾನ್ ಮರ್ಸಿಯ ‘ದಿ ಮೆನ್ ಹೂ ವುಡ್ ಬಿ ಕಿಂಗ್ಸ್’ (2016) ಇದರ ಜನಪ್ರಿಯ ಕೃತಿಗಳು. ಮರ್ಸಿಯ ಪುಸ್ತಕದಲ್ಲಿ ಶಿಸ್ತಿನ ಪದಾತಿಯ ತುಕಡಿಗೆ 12 ಗೊಂಬೆ, ‘ಬುಡಕಟ್ಟು’ ಪದಾತಿಗೆ 16. ಒಬ್ಬರೇ ಆಡುವವರಿಗೆ ‘ಮಿಸ್ಟರ್ ಬ್ಯಾಬೇಜ್’ ಎಂಬ ಏರ್ಪಾಡೂ ಇದೆ: ಸ್ಥಳೀಯರ ಸೈನ್ಯವನ್ನು ದಾಳ ಮತ್ತು ಪಟ್ಟಿಗಳೇ ನಡೆಸುತ್ತವೆ. ಯೋಚನೆ ಮಾಡುವವನು ಒಂದೇ ಕಡೆ, ಎದುರಿಗೆ ಬರಿಯ ಯಂತ್ರ. ಹತ್ತೊಂಬತ್ತನೇ ಶತಮಾನದ ಸಾಹಸಗಳ ಕುರಿತ ಸಿನಿಮಾಗಳ ಗುಂಗಿನಲ್ಲಿ ಬರೆದ ಆಟವೆಂದು ಇದನ್ನು ಕ್ಷಮಿಸಬಹುದು. ಅದೇ ಅಚ್ಚಿಗೆ ಟಿಪ್ಪುವಿನ ಸೈನ್ಯವನ್ನು ಸುರಿದರೆ ಕ್ಷಮಿಸಲಾಗದು. ಕವಾಯತಿಗೆ ‘ಫತುಲ್ ಮುಜಾಹಿದೀನ್’ ಎಂಬ ಕೈಪಿಡಿಯನ್ನೇ ಬರೆಸಿದ್ದ ಸೈನ್ಯ ಅದು. ‘ಕುಶೂನು’ ಎಂಬ ದಳಗಳಾಗಿ ವಿಂಗಡಿಸಿದ ಬಂದೂಕಿನ ಪದಾತಿ, ಪ್ರತ್ಯೇಕ ರಾಕೆಟ್ ದಳ ಅದಕ್ಕಿತ್ತು.

ರಾಕೆಟ್ ಅಂತೂ ಈ ಆಟಗಳಲ್ಲಿ ನಗೆಪಾಟಲು. ದಾಳ ಎಸೆಯಿರಿ, ಅದು ಎತ್ತಲೋ ಹಾರಿ ಹಾರಿಸಿದವನ ಕಡೆಗೇ ತಿರುಗುತ್ತದೆ, ಎಲ್ಲರೂ ನಗುತ್ತಾರೆ. ಬಿದಿರಿಗೆ ಕಟ್ಟಿದ ಆ ಕಬ್ಬಿಣದ ಕೊಳವೆಗೆ ಗುರಿ ಕಡಿಮೆ, ನಿಜ. ಆದರೆ ಕುದುರೆ ಬೆದರಿಸಿ, ಎತ್ತಿನ ಸಾಲು ಚದುರಿಸುವುದಕ್ಕೆ ಗುರಿ ಬೇಕಿರಲಿಲ್ಲ. ಸತ್ತವರನ್ನು ಮಾತ್ರ ಎಣಿಸುವ ನಿಯಮಕ್ಕೆ ಈ ಪರಿಣಾಮ ಕಾಣುವುದೇ ಇಲ್ಲ.

1791ರ ಮಾರ್ಚ್ 6ರ ಕಾಳಗವನ್ನೇ ನೋಡಿ. ಟಿಪ್ಪುವಿನ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ನಡೆಸಿಕೊಂಡು ಬಂದ ಕಾರ್ನ್‌ವಾಲಿಸ್ ಬೆಂಗಳೂರಿನ ಮುಂದೆ ಬಂದಿಳಿದ ಮರುದಿನ ಅದು. ಸುತ್ತಮುತ್ತ ನೋಡಿಕೊಂಡು ಬರಲು ಹೊರಟ ಕರ್ನಲ್ ಫ್ಲಾಯ್ಡ್‌ನಿಗೆ ಮೈಸೂರಿನವರ ಸಾಮಾನು ಸರಂಜಾಮಿನ ಸಾಲು ಕಂಡಿತು. ಅಶ್ವದಳದೊಡನೆ ನುಗ್ಗಿದ. ಹಳ್ಳಕೊಳ್ಳದ ನೆಲದಲ್ಲಿ ಅಶ್ವದಳದ ಸಾಲು ಒಡೆಯಿತು, ಫ್ಲಾಯ್ಡ್‌ನ ಮುಖಕ್ಕೆ ಗುಂಡು ಬಿತ್ತು, ಸವಾರರು ದಿಕ್ಕೆಟ್ಟು ಹಿಂದೆ ಓಡಿದರು. ಬೆನ್ನಟ್ಟಿದವರನ್ನು ಮೇಜರ್ ಗೌಡಿಯ ಪದಾತಿ ತಡೆಯದಿದ್ದರೆ ಕಂಪನಿಯ ಅಶ್ವದಳದ ಕಥೆ ಅಂದೇ ಮುಗಿಯುತ್ತಿತ್ತು.

ಇದನ್ನು ಆರಡಿ-ನಾಲ್ಕಡಿ ಮೇಜಿಗೆ ಇಳಿಸಲು ಇಡೀ ಸೈನ್ಯ ಬೇಡ. ಒಂದು ಗೊಂಬೆ ಒಬ್ಬ ಆಳು ಎಂದಿಟ್ಟುಕೊಂಡರೆ ಕಂಪನಿಯ ಕಡೆ ಮೂವತ್ತು ಸವಾರರು ಸಾಕು. ದೂರದ ಅಂಚಿನಲ್ಲಿ ಹೇರೆತ್ತುಗಳು. ಒಂದೊಂದು ಎತ್ತಿಗೂ ಅಂಕ. ಎತ್ತುಗಳು ಕಣ್ಣಿಗೆ ಬಿದ್ದ ಕೂಡಲೇ ಸವಾರರನ್ನು ತಡೆದು ನಿಲ್ಲಿಸಲು ದಳಪತಿ ದಾಳ ಎಸೆಯಬೇಕು. ಮೈಸೂರಿನ ಆಟಗಾರ ತನ್ನ ಬಂದೂಕಿನವರು ಯಾವ ಹಳ್ಳದಲ್ಲಿದ್ದಾರೆಂದು ಮೊದಲೇ ಚೀಟಿಯಲ್ಲಿ ಬರೆದು ಮಡಚಿಡಬೇಕು. ಇಲ್ಲಿ ಆಸೆಯೇ ಬಲೆ, ಬಲೆ ಹಾಸುವವನಿಗೆ ಬುದ್ಧಿ ಬೇಕು. ಬ್ಯಾಬೇಜ್ ಯಂತ್ರಕ್ಕೆ ಈ ಕೆಲಸ ಒಪ್ಪಿಸಲಾಗುವುದಿಲ್ಲ.

ಎತ್ತಿಗೆ ಅಂಕ ಕೊಡುವುದು ಹುಡುಗಾಟವಲ್ಲ. ಅದೇ ವರ್ಷದ ಮೇ 15ರಂದು ಶ್ರೀರಂಗಪಟ್ಟಣದ ಬಳಿ ಅರಕೆರೆಯಲ್ಲಿ ಕಾರ್ನ್‌ವಾಲಿಸ್ ಗೆದ್ದ. ಗೆದ್ದೂ ತಿಂಗಳು ಮುಗಿಯುವ ಮೊದಲು ದೊಡ್ಡ ಫಿರಂಗಿಗಳನ್ನು ಹಾಳುಗೆಡವಿ ಹಿಂದಿರುಗಿದ. ಮೇವಿಲ್ಲದೆ ಎತ್ತು ಸತ್ತಿದ್ದವು, ಎಳೆಯುವವರಿಲ್ಲ. ಆಮೇಲೆ ಕಂಪನಿಯ ಪಾಳೆಯಕ್ಕೆ ಧಾನ್ಯ ಹೊತ್ತು ತಂದವರಲ್ಲಿ ಲಂಬಾಣಿಗಳದ್ದು ದೊಡ್ಡ ಪಾಲು. ಗೆದ್ದವನನ್ನೇ ಹಸಿವು ಹಿಮ್ಮೆಟ್ಟಿಸಿದ ಈ ಯುದ್ಧವನ್ನು ಮೇಜಿನ ಮೇಲೆ ಯಾರು ಆಡುತ್ತಾರೆ? ಪ್ರಕಟವಾಗುವ ಸನ್ನಿವೇಶಗಳು ಹೆಚ್ಚಾಗಿ ಕೋಟೆಯ ಬಿರುಕಿನಲ್ಲಿ ನುಗ್ಗುವ ಕೆಂಪಂಗಿಯವರ ಸುತ್ತಲೇ ಸುತ್ತುತ್ತವೆ.

ನೆಲದ ವಿಷಯದಲ್ಲೂ ಇದೇ ಸೋಮಾರಿತನ. ‘ಇಂಡಿಯಾ’ ಎಂದರೆ ಮರಳಿನ ಬಣ್ಣ, ಎರಡು ತಾಳೆಮರ, ಒಂದು ಗುಮ್ಮಟ. ನಮ್ಮ ಬಯಲುಸೀಮೆಯ ಕೆರೆ ಏರಿ, ಹುಣಸೆ ತೋಪು, ಕೊಯ್ದ ರಾಗಿ ಹೊಲ, ಬೋಳುಬಂಡೆ ಇವು ಯಾವುವೂ ಇಲ್ಲ. ಮಾರ್ಚ್ 7ರಂದು ಬೆಂಗಳೂರು ಪೇಟೆಗೆ ನುಗ್ಗಿದವರಿಗೆ ಮೊದಲು ಎದುರಾದದ್ದು ಒತ್ತಾದ ಮುಳ್ಳುಪೊದೆಯ ಅಗಲವಾದ ಬೇಲಿ, ಆಮೇಲೆ ಒಣ ಕಂದಕ. ಕಂಪನಿಯ ಕರ್ನಲ್ ಮೂರ್‌ಹೌಸ್ ಸತ್ತದ್ದು ಆ ಪೇಟೆಯ ಬಾಗಿಲಲ್ಲಿ. ಸಿದ್ಧ ನಿಯಮಗಳಲ್ಲಿ ಬೇಲಿ ಎಂದರೆ ಗುಂಡಿನೇಟಿಗೆ ಒಂದಂಕ ಕಡಿತ, ದಾಟಲು ಅರ್ಧ ನಡೆ, ಅಷ್ಟೆ. ಬೇಲಿಯೇ ಒಂದು ರಕ್ಷಣಾ ಸಾಲಾಗಿದ್ದ ಊರಿಗೆ ಇದು ಹೊಂದುವುದಿಲ್ಲ. ನಂದಿಬೆಟ್ಟದ ಕೋಟೆ ನಂದಿದುರ್ಗದ ಮುತ್ತಿಗೆಯಂತೂ ಇನ್ನೂ ಕಷ್ಟ. ಅಲ್ಲಿ ಮೇಲಿನವರು ಉರುಳಿಸಿದ ಬಂಡೆಗಳೇ ದೊಡ್ಡ ಆಯುಧವಾಗಿದ್ದವು. ಚಪ್ಪಟೆ ಮೇಜಿನಲ್ಲಿ ಇಳಿಜಾರನ್ನು ಹೇಗಾದರೂ ತರದೆ ಆ ಆಟಕ್ಕೆ ಕೈಹಾಕಬಾರದು.

ಗ್ರಾಂಟನ ಸೂತ್ರ, ಕಾರ್ಡುಗಳ ತಂತ್ರ ಇವೆರಡನ್ನೂ ಉಳಿಸಿಕೊಳ್ಳೋಣ. ವಸಾಹತು ಶಾಖೆಯ ಪಟ್ಟಿಗಳನ್ನು ಮೈಸೂರಿನ ಮಟ್ಟಿಗೆ ಎತ್ತಿಡಬೇಕು. ಬರೆಯಲು ಆಧಾರಕ್ಕೆ ಬರವಿಲ್ಲ: ಇತಿಹಾಸಕಾರರಲ್ಲಿ ಇಂಗ್ಲಿಷರ ಕಡೆಗೆ ವಿಲ್ಕ್ಸ್, ಮೈಸೂರಿನ ಕಡೆಗೆ ಕಿರ್ಮಾನಿ ಇದ್ದಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹುಡುಗರು ಯಾರಾದರೂ ಈ ಆಟಕ್ಕೆ ಕೂರುವುದಾದರೆ, ಮೊದಲ ಸನ್ನಿವೇಶವಾಗಿ ಮಾರ್ಚ್ 6ರ ಕಾಳಗವನ್ನೇ ಬರೆಯಲಿ, ಮೈಸೂರಿನ ಕಡೆಯನ್ನು ತಮ್ಮಲ್ಲಿ ಅತ್ಯಂತ ಚಾಲಾಕಿಯಾದವನಿಗೆ ಕೊಡಲಿ.