ದಾವೀದನ ಕೀರ್ತನೆಗಳೂ ಬರಲಿರುವ ಅಭಿಷಿಕ್ತನೂ

ಪ್ರಾಚೀನ ಕಾವ್ಯವೊಂದು ತಾನು ಹುಟ್ಟಿದ ಸಂದರ್ಭವನ್ನು ಬಿಟ್ಟು ಬೇರೊಂದು ಸಂದರ್ಭಕ್ಕೆ ಸೇರಿಹೋಗುವುದು ಸಾಹಿತ್ಯಚರಿತ್ರೆಯಲ್ಲಿ ಅಪೂರ್ವವೇನೂ ಅಲ್ಲ. ಆದರೆ ಹಾಗೆ ಸೇರಿಸಿಕೊಂಡವರು ‘ಇದು ಮೊದಲಿನಿಂದಲೂ ನಮ್ಮನ್ನು ಕುರಿತೇ ಹಾಡಲ್ಪಟ್ಟದ್ದು, ಮೊದಲು ಕೇಳಿದವರಿಗೆ ಇದರ ಅರ್ಥವೇ ಆಗಿರಲಿಲ್ಲ’ ಎಂದು ವಾದಿಸತೊಡಗಿದಾಗ ವಿಮರ್ಶಕನು ಸುಮ್ಮನಿರಲಾಗುವುದಿಲ್ಲ. ಹೀಬ್ರೂ ಭಾಷೆಯ ನೂರೈವತ್ತು ಭಕ್ತಿಗೀತೆಗಳನ್ನು ಕ್ರೈಸ್ತರು ಯೇಸುವಿನ ವಿಷಯವಾದ ಭವಿಷ್ಯವಾಣಿಯೆಂದು ಓದಿಕೊಂಡು ಬಂದಿರುವ ಬಗೆ ಇಂಥದು. ಯೆಹೂದ್ಯರು ಈ ಸಂಕಲನವನ್ನು ‘ತೆಹಿಲ್ಲೀಂ’, ಅಂದರೆ ಸ್ತುತಿಗಳು, ಎನ್ನುತ್ತಾರೆ. ಕನ್ನಡ ಸತ್ಯವೇದದಲ್ಲಿ ಇದರ ಹೆಸರು ‘ಕೀರ್ತನೆಗಳು’.

ವಿಚಾರವೆಲ್ಲ ಒಂದು ಪದದ ಸುತ್ತ ನಿಂತಿದೆ. ‘ಮಾಶೀಹ’ ಎಂದರೆ ಎಣ್ಣೆಯಿಂದ ಅಭಿಷೇಕ ಹೊಂದಿದವನು. ದಾವೀದನ ವಂಶದ ಸಿಂಹಾಸನವನ್ನೇರಿದ ಪ್ರತಿಯೊಬ್ಬ ಅರಸನಿಗೂ ಇದು ಸಲ್ಲುತ್ತಿದ್ದ ಬಿರುದು. ಯೆಶಾಯನ ಗ್ರಂಥದ ೪೫ನೆಯ ಅಧ್ಯಾಯದಲ್ಲಿ ಪರ್ಷಿಯದ ಚಕ್ರವರ್ತಿ ಕೋರೇಷನಿಗೂ ಇದೇ ಮಾತು ಸಂದಿದೆ. ಜರ್ಮನ್ ವಿದ್ವಾಂಸ ಹರ್ಮನ್ ಗುಂಕೆಲ್ (೧೮೬೨–೧೯೩೨) ಕೀರ್ತನೆಗಳನ್ನು ಅವುಗಳ ಬಳಕೆಯ ಸಂದರ್ಭಕ್ಕನುಗುಣವಾಗಿ ವಿಂಗಡಿಸಿ, ಕೆಲವನ್ನು ‘ರಾಜಕೀರ್ತನೆ’ಗಳೆಂದು ಬೇರ್ಪಡಿಸಿದನು. ಈ ವಿಂಗಡಣೆಯಂತೆ ೨ ಮತ್ತು ೧೧೦ನೆಯವು ಪಟ್ಟಾಭಿಷೇಕಕ್ಕೆ ಹೊಂದುವ ಹಾಡುಗಳು. ೪೫ನೆಯದು ಅರಸನ ಮದುವೆಯ ಹಾಡು. ೭೨ನೆಯದು ಹೊಸ ಅರಸನಿಗೆ ಹರಕೆ. ಆಸ್ಥಾನಕವಿತೆಯ ಪರಿಚಯವಿರುವ ನಮಗೆ ಇಲ್ಲಿನ ಅತಿಶಯೋಕ್ತಿ ಹೊಸದಲ್ಲ. ಅರಸನನ್ನು ದೇವಪುತ್ರನೆನ್ನುವುದು, ಅವನ ಆಳ್ವಿಕೆ ಸಮುದ್ರದಿಂದ ಸಮುದ್ರಕ್ಕೆ ಹಬ್ಬಲೆನ್ನುವುದು, ಇವು ಸಭೆಯ ಮರ್ಯಾದೆಗಳು.

ಹಾಗಾದರೆ ಇವು ಭವಿಷ್ಯವಾಣಿಯಾದದ್ದು ಹೇಗೆ? ಕ್ರಿಸ್ತಪೂರ್ವ ೫೮೭ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಹಾಳುಗೆಡವಿದರು; ದಾವೀದನ ಸಿಂಹಾಸನ ಬರಿದಾಯಿತು. ೮೯ನೆಯ ಕೀರ್ತನೆ ಆ ಪೀಠಕ್ಕೆ ದೇವರು ಕೊಟ್ಟ ಭಾಷೆ ಏನಾಯಿತೆಂದು ಎದುರುನಿಂತೇ ಕೇಳುತ್ತದೆ. ಅರಸನಿಲ್ಲದ ಜನ ಪಟ್ಟಾಭಿಷೇಕದ ಹಾಡುಗಳನ್ನು ಎಸೆಯಲಿಲ್ಲ, ಹಾಡುತ್ತಲೇ ಉಳಿದರು. ಇದ್ದ ಅರಸನನ್ನು ಕುರಿತ ಹಾಡು ಬರಲಿರುವ ಅರಸನನ್ನು ಕುರಿತ ಹಾಡಾಯಿತು. ಆದಕಾರಣ ಭವಿಷ್ಯಪರವಾದ ಓದು ಕ್ರೈಸ್ತರ ಸೃಷ್ಟಿಯೆಂಬ ಮಾತು, ನಮ್ಮಲ್ಲಿ ಆಗಾಗ ಕೇಳಿಬರುವಂಥದು, ನಿಲ್ಲುವುದಿಲ್ಲ. ೧೯೫೬ರಲ್ಲಿ ಕುಮ್ರಾನಿನ ಹನ್ನೊಂದನೆಯ ಗುಹೆಯಲ್ಲಿ ದೊರೆತ ಕೀರ್ತನೆಗಳ ಸುರುಳಿಯೊಂದು ದಾವೀದನು ೪,೦೫೦ ಹಾಡುಗಳನ್ನು ರಚಿಸಿದನೆಂದೂ ಅವನ್ನೆಲ್ಲ ಪ್ರವಾದನೆಯ ವರದಿಂದ ನುಡಿದನೆಂದೂ ಹೇಳುತ್ತದೆ. ಅದನ್ನು ಬರೆದವರು ಯೆಹೂದ್ಯರು. ಕ್ರೈಸ್ತರು ಮಾಡಿದ್ದು ಬೇರೆ: ತೆರೆದಿದ್ದ ನಿರೀಕ್ಷೆಗೆ ಒಬ್ಬನ ಹೆಸರನ್ನಿಟ್ಟು ಬಾಗಿಲು ಮುಚ್ಚಿದರು.

ಈ ಓದಿನಲ್ಲಿ ‘ಹಾಡುವವನು ಯಾರು?’ ಎಂಬ ಪ್ರಶ್ನೆಗೆ ಇರುವ ಬೆಲೆ ಗಮನಾರ್ಹವಾದುದು. ೧೧೦ನೆಯ ಕೀರ್ತನೆಯಲ್ಲಿ ಹಾಡುಗಾರನು ದೇವರು ‘ನನ್ನೊಡೆಯ’ನಿಗೆ ಆಡಿದ ಮಾತನ್ನು ತಿಳಿಸುತ್ತಾನೆ. ಮತ್ತಾಯನ ಸುವಾರ್ತೆಯ ೨೨ನೆಯ ಅಧ್ಯಾಯದಲ್ಲಿ ಯೇಸು ಇದನ್ನೆತ್ತಿಕೊಂಡು, ದಾವೀದನೇ ಒಡೆಯನೆಂದು ಕರೆದವನು ದಾವೀದನ ಬರಿಯ ಮಗನಾದಾನೆ ಎಂದು ಕೇಳುತ್ತಾನೆ. ದಾವೀದನೇ ಹಾಡಿದನೆಂದಿಟ್ಟುಕೊಂಡರೆ ವಾದ ತೀಕ್ಷ್ಣವಾದುದು. ಆಸ್ಥಾನಕವಿ ಹಾಡಿದನೆಂದರೆ ‘ನನ್ನೊಡೆಯ’ನು ಎದುರಿಗೆ ಕುಳಿತ ಅರಸನೇ; ಒಗಟೇ ಇಲ್ಲ. ಶೀರ್ಷಿಕೆಯ ‘ಲೆದಾವೀದ್’ ಎಂಬುದಕ್ಕಾದರೋ ದಾವೀದನದು, ದಾವೀದನಿಗೆ, ದಾವೀದನನ್ನು ಕುರಿತದ್ದು ಎಂಬ ಅರ್ಥಗಳೆಲ್ಲ ಸಾಧ್ಯ. ಅಂಕಿತವೊಂದನ್ನೇ ನಂಬಿ ಪದವನ್ನು ಪುರಂದರದಾಸರ ಲೆಕ್ಕಕ್ಕೆ ಬರೆಯುವ ತೊಡಕನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಆಧಾರ ಭಾಷಾಂತರ. ಆದಿಕ್ರೈಸ್ತರಲ್ಲಿ ಬಹುಮಂದಿ ಕೀರ್ತನೆಗಳನ್ನು ಓದಿದ್ದು ಸೆಪ್ಟುಅಜಿಂಟ್ ಎಂಬ ಗ್ರೀಕ್ ಭಾಷಾಂತರದಲ್ಲಿ. ೪೦ನೆಯ ಕೀರ್ತನೆಯ ಹೀಬ್ರೂ ಪಾಠದಲ್ಲಿ ಭಕ್ತನು ದೇವರು ತನಗೆ ಕಿವಿಗಳನ್ನು ತೋಡಿಕೊಟ್ಟನೆನ್ನುತ್ತಾನೆ. ವಿಧೇಯತೆಯ ಮಾತು ಅದು. ಇಬ್ರಿಯರಿಗೆ ಬರೆದ ಪತ್ರಿಕೆಯ ಕರ್ತನ ಮುಂದಿದ್ದ ಗ್ರೀಕಿನಲ್ಲಿ ‘ಕಿವಿ’ಯ ಸ್ಥಾನದಲ್ಲಿ ‘ದೇಹ’ವಿದೆ, ಆ ಒಂದು ಶಬ್ದದ ಮೇಲೆ ಅವನು ಅವತಾರ ಮತ್ತು ಬಲಿದಾನಗಳ ತತ್ತ್ವವನ್ನೇ ಕಟ್ಟುತ್ತಾನೆ. ೧೬ನೆಯ ಕೀರ್ತನೆಯ ‘ಶಹತ್’ ಎಂದರೆ ಗುಂಡಿ, ಗೋರಿ. ಗ್ರೀಕಿನಲ್ಲಿ ಅದು ‘ಕೊಳೆಯುವಿಕೆ’ಯಾಯಿತು. ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರನು ಈ ಕೀರ್ತನೆಯನ್ನೇ ಯೇಸುವಿನ ಪುನರುತ್ಥಾನಕ್ಕೆ ಸಾಕ್ಷಿಯಾಗಿ ಒಡ್ಡುತ್ತಾನೆ: ದಾವೀದನ ಶರೀರ ಕೊಳೆಯಿತು, ಅವನ ಸಮಾಧಿ ಇಲ್ಲೇ ಇದೆ, ಆದ್ದರಿಂದ ಮಾತು ಅವನದಲ್ಲ.

೨೨ನೆಯ ಕೀರ್ತನೆಯನ್ನು ಕುರಿತು ತುಸು ಹೆಚ್ಚಾಗಿಯೇ ಹೇಳಬೇಕಾಗಿದೆ. ದೇವರು ತನ್ನನ್ನು ಕೈಬಿಟ್ಟನೇಕೆಂಬ ಮೊರೆಯಿಂದ ಇದು ಮೊದಲಾಗುತ್ತದೆ. ಮಾರ್ಕನ ಪ್ರಕಾರ ಶಿಲುಬೆಯ ಮೇಲೆ ಯೇಸು ಕೂಗಿದ್ದು ಇದೇ ಮೊರೆಯನ್ನು, ತನ್ನ ಆಡುಮಾತಾದ ಅರಮೇಯಿಕ್ ಭಾಷೆಯಲ್ಲಿ. ಮುಂದೊಂದು ಕಡೆ ಕೈಕಾಲುಗಳ ಪ್ರಸ್ತಾಪವಿದೆ. ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿರುವ ಶಬ್ದ ‘ಕಾಅರಿ’, ಎಂದರೆ ಸಿಂಹದಂತೆ. ಗ್ರೀಕಿನಲ್ಲಿ ‘ತೋಡಿದರು’ ಎಂದಿದೆ, ಅದರಿಂದ ‘ಚುಚ್ಚಿದರು’ ಎಂಬುದು ಹೊರಟಿತು. ನಹಲ್ ಹೆವೆರ್‌ನಲ್ಲಿ ಸಿಕ್ಕ ಹಳೆಯ ತುಣುಕೊಂದರಲ್ಲಿ ಕ್ರಿಯಾಪದದಂತೆ ಕಾಣುವ ರೂಪವಿದ್ದರೂ ಅದರ ಅರ್ಥದಲ್ಲಿ ಒಮ್ಮತವಿಲ್ಲ. ಇಷ್ಟೆಲ್ಲ ಜಗಳಕ್ಕೆ ಕಾರಣವಾದ ಈ ಮಾತನ್ನು ನಾಲ್ವರು ಸುವಾರ್ತಿಕರಲ್ಲಿ ಒಬ್ಬನೂ ಉದ್ಧರಿಸಿಲ್ಲವೆಂಬುದು ವಾಚಕರು ಲಕ್ಷಿಸತಕ್ಕ ಅಂಶ. ಅದನ್ನು ಶಿಲುಬೆಯ ಮೊಳೆಗಳಿಗೆ ಹೊಂದಿಸಿದವನು ಎರಡನೆಯ ಶತಮಾನದ ಜಸ್ಟಿನ್. ಟ್ರಿಫೋ ಎಂಬ ಯೆಹೂದ್ಯನೊಡನೆ ನಡೆಸಿದ ಸಂವಾದವೆಂದು ಬರೆದ ಗ್ರಂಥದಲ್ಲಿ ಅವನು ಈ ಕೀರ್ತನೆಯನ್ನು ಮೊದಲಿಂದ ಕೊನೆಯವರೆಗೆ ಯೇಸುವಿಗೆ ಅನ್ವಯಿಸುತ್ತಾನೆ.

ಬಟ್ಟೆಗಳ ವಿಷಯ ಇನ್ನೂ ಸ್ವಾರಸ್ಯವಾದುದು. ಹೀಬ್ರೂ ಕಾವ್ಯದ ಮುಖ್ಯ ಧರ್ಮ ಸಮಾಂತರತೆ: ಒಂದೇ ಭಾವವನ್ನು ಎರಡು ಪಾದಗಳಲ್ಲಿ ಬೇರೆ ಬೇರೆ ಮಾತುಗಳಿಂದ ನುಡಿಯುವುದು. ರಾಬರ್ಟ್ ಲೌತ್ ೧೭೫೩ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದನು. ಉಡುಪನ್ನು ಹಂಚಿಕೊಂಡರು, ಬಟ್ಟೆಗೆ ಚೀಟು ಹಾಕಿದರು ಎಂಬುದು ಹೀಬ್ರೂ ಕವಿಗೆ ಒಂದೇ ಕ್ರಿಯೆ. ಯೋಹಾನನ ಸುವಾರ್ತೆಯಲ್ಲಿ ಇವು ಎರಡಾಗಿವೆ: ಸಿಪಾಯಿಗಳು ಉಡುಪನ್ನು ನಾಲ್ಕು ಪಾಲು ಮಾಡುತ್ತಾರೆ, ಹೊಲಿಗೆಯಿಲ್ಲದ ಅಂಗಿಗೆ ಬೇರೆಯಾಗಿ ಚೀಟು ಹಾಕುತ್ತಾರೆ. ಇಲ್ಲಿ ಪದ ಘಟನೆಯನ್ನು ಮುಂತಿಳಿಸಿತೋ, ಘಟನೆಯ ನಿರೂಪಣೆಯನ್ನು ಪದವೇ ರೂಪಿಸಿತೋ? ಎರಡನೆಯದೇ ಹೆಚ್ಚು ಸಂಭವನೀಯವೆಂದು ನನ್ನ ಅಭಿಪ್ರಾಯ. ಹಾಗೆಂದರೆ ಸುವಾರ್ತಿಕನು ಕಪಟಿಯೆಂದಲ್ಲ. ಗುರುವಿನ ಸಾವಿಗೆ ಮಾತು ಸಿಗದ ಶಿಷ್ಯರು ತಮಗೆ ಬಾಯಿಗೆ ಬರುತ್ತಿದ್ದ ಹಾಡಿನ ಮೂಲಕವೇ ಅದನ್ನು ನೆನೆದರು. ಕ್ರೈಸ್ತ ಓದಿನ ನಿಜವಾದ ಬಲವಿರುವುದೂ ಇಲ್ಲಿಯೇ. ಸಾಯುವವನೊಬ್ಬ ತನ್ನ ಜನದ ಹಳೆಯ ಹಾಡನ್ನು ತನ್ನದಾಗಿ ಹಾಡಿದನು ಎಂಬುದರಲ್ಲಿರುವ ಸತ್ಯ, ಮೊಳೆಗಳ ಲೆಕ್ಕ ಹಾಕುವ ವಾದದಲ್ಲಿಲ್ಲ. ಕೀರ್ತನೆಗಳಲ್ಲಿ ಕ್ರಿಸ್ತನೂ ಅವನ ಜನವೂ ಒಂದೇ ಕಂಠದಿಂದ ಹಾಡುತ್ತಾರೆಂದು ಆಗಸ್ಟೀನನು ವ್ಯಾಖ್ಯಾನಿಸಿದಾಗ ಇದರ ಸಮೀಪಕ್ಕೆ ಬಂದಿದ್ದನು.

ಎಲ್ಲರೂ ಜಸ್ಟಿನನ ದಾರಿ ಹಿಡಿದರೆಂದಿಲ್ಲ. ಕ್ರಿ. ಶ. ೪೨೮ರಲ್ಲಿ ತೀರಿಕೊಂಡ ಮೊಪ್ಸುವೆಸ್ತಿಯದ ಥಿಯೋಡೋರ್ ಬಿಷಪನು ೨, ೮, ೪೫, ೧೧೦ ಈ ನಾಲ್ಕನ್ನು ಮಾತ್ರ ನೇರವಾಗಿ ಕ್ರಿಸ್ತಪರವೆಂದು ಒಪ್ಪಿ, ೨೨ನೆಯದನ್ನು ಅಬ್ಷಾಲೋಮನ ದಂಗೆಯಲ್ಲಿ ನೊಂದ ದಾವೀದನಿಗೆ ಬಿಟ್ಟುಕೊಟ್ಟನು. ೫೫೩ರ ಕಾನ್‌ಸ್ಟಾಂಟಿನೋಪಲ್ ಸಭೆ ಅವನನ್ನೂ ಅವನ ಗ್ರಂಥಗಳನ್ನೂ ಖಂಡಿಸಿತು. ಇತ್ತ ಯೆಹೂದ್ಯ ವ್ಯಾಖ್ಯಾನಕಾರ ರಾಶಿ (೧೦೪೦–೧೧೦೫) ೨ನೆಯ ಕೀರ್ತನೆಯನ್ನು ತಮ್ಮ ಹಿರಿಯರು ಅಭಿಷಿಕ್ತರಾಜನಿಗೆ ಅನ್ವಯಿಸಿದ್ದರೆಂದು ಒಪ್ಪಿಕೊಂಡು, ವಾಚ್ಯಾರ್ಥಕ್ಕೆ ದಾವೀದನೇ ಸರಿಯೆನ್ನುತ್ತಾನೆ. ಕೆಲವು ಹಸ್ತಪ್ರತಿಗಳಲ್ಲಿ ‘ಪಾಷಂಡಿಗಳಿಗೆ ಉತ್ತರವಾಗಿ’ ಎಂಬ ಮಾತೂ ಸೇರಿದೆ. ಎದುರಾಳಿಯ ಒತ್ತಾಯದಿಂದ ತನ್ನ ಮನೆಯ ಹಳೆಯ ಅರ್ಥವೊಂದನ್ನು ಬಿಡಬೇಕಾಗಿ ಬಂದ ಸ್ಥಿತಿ ಅದು. ಒತ್ತಾಯ ಬರಿಯ ವಾಗ್ವಾದದ್ದಾಗಿರಲಿಲ್ಲ. ೬೯ನೆಯ ಕೀರ್ತನೆಯ ಶಾಪೋಕ್ತಿಯನ್ನು, ಕಣ್ಣು ಕತ್ತಲಾಗಲೆಂಬ ಮಾತನ್ನು, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಇಸ್ರಾಯೇಲಿನ ಪಾಲಿಗೆ ಅನ್ವಯಿಸಿದನು. ಪೌಲನು ಅದೇ ಅಧ್ಯಾಯದಲ್ಲಿ ಇಸ್ರಾಯೇಲು ಕೈಬಿಡಲ್ಪಟ್ಟಿಲ್ಲವೆಂದೂ ಹೇಳಿದ್ದನ್ನು ಮರೆತು ಮುಂದಿನವರು ಯೆಹೂದ್ಯರನ್ನು ಕುರುಡರೆಂದು ಶತಮಾನಗಳುದ್ದಕ್ಕೂ ಜರೆದರು. ಹಾಡಿದವರ ಮಕ್ಕಳಿಗೇ ಹಾಡು ಶಾಪವಾಯಿತು.

ಕನ್ನಡಿಗರು ಇದನ್ನೆಲ್ಲ ದೂರದಿಂದ ನೋಡಿ ನಗುವಂತಿಲ್ಲ. ಋಗ್ವೇದದ ಒಂದನೆಯ ಮಂಡಲದ ೧೪೧ನೆಯದು ದೀರ್ಘತಮಸ್ ಋಷಿಯ ಅಗ್ನಿಸೂಕ್ತ. ವಿಜಯನಗರದ ಸಾಯಣಾಚಾರ್ಯರ ಭಾಷ್ಯಕ್ಕೂ ಅಗ್ನಿಯೇ ವಿಷಯ. ಇದೇ ‘ಬಳಿತ್ಥಾ’ ಸೂಕ್ತದ ಮೊದಲ ಋಕ್ಕುಗಳು ಮಾಧ್ವ ಸಂಪ್ರದಾಯದಲ್ಲಿ ವಾಯುವಿನ ಮೂರು ಅವತಾರಗಳನ್ನು, ಎಂದರೆ ಹನುಮ, ಭೀಮ, ಮಧ್ವರನ್ನು ಸಾರುತ್ತವೆ. ಆಚಾರ್ಯರು ಬ್ರಹ್ಮಸೂತ್ರಭಾಷ್ಯದ ಕೊನೆಯಲ್ಲಿ ತಾವೇ ಇದನ್ನು ಸೂಚಿಸಿದ್ದಾರೆ. ಸಾಮ್ಯ ಸ್ಪಷ್ಟವಾಗಿದೆ, ವ್ಯತ್ಯಾಸವೂ ಅಷ್ಟೇ ಮುಖ್ಯವಾದುದು. ಋಗ್ಭಾಷ್ಯದಲ್ಲಿ ಮಧ್ವರು ಮಂತ್ರಕ್ಕೆ ಅನೇಕ ಅರ್ಥಗಳುಂಟೆಂಬುದನ್ನು ತತ್ತ್ವವಾಗಿಯೇ ಸ್ಥಾಪಿಸಿ, ಅಗ್ನಿಪರವಾದ ಅರ್ಥವನ್ನು ಉಳಿಸಿಕೊಂಡೇ ಅದರೊಳಗೆ ವಿಷ್ಣುವನ್ನು ಕಾಣುತ್ತಾರೆ. ಒಂದರ್ಥವನ್ನು ಕೊಂದು ಇನ್ನೊಂದನ್ನು ಬದುಕಿಸುವ ಅಗತ್ಯ ಅಲ್ಲಿಲ್ಲ. ಜಸ್ಟಿನನಲ್ಲಿ ಇಲ್ಲದ್ದು ಈ ಔದಾರ್ಯ.

ನಾವು ನೆಲಸಿರುವ ಊರಿನಲ್ಲಿಯೂ ಇದರ ನೆರಳುಂಟು. ದ್ರೋಣಾಚಾರ್ಯರ ಐತಿಹ್ಯವನ್ನು ನೆಮ್ಮಿ ೨೦೧೬ರಲ್ಲಿ ಗುಡಗಾಂವ್ ಗುರುಗ್ರಾಮವಾದದ್ದು ಒಂದು ಬಗೆಯ ವ್ಯಾಖ್ಯಾನವೇ. ಸಿವಿಲ್ ಲೈನ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಪುಟ್ಟ ಚರ್ಚೊಂದಿದೆ, ‘ಎಪಿಫನಿ’ಯ ಹೆಸರಿನದು. ಪೂರ್ವದೇಶದ ಜ್ಞಾನಿಗಳು ಶಿಶು ಯೇಸುವನ್ನು ಕಂಡ ನೆನಪಿನ ಹಬ್ಬ ಎಪಿಫನಿ. ಆ ದಿನಕ್ಕೆ ವಾಡಿಕೆಯಾಗಿ ಸಲ್ಲುವುದು ೭೨ನೆಯ ಕೀರ್ತನೆ. ಮತ್ತಾಯನು ಆ ಜ್ಞಾನಿಗಳನ್ನು ಅರಸರೆಂದು ಎಲ್ಲಿಯೂ ಕರೆದಿಲ್ಲ, ಈ ಕೀರ್ತನೆಯನ್ನು ಉದ್ಧರಿಸಿಯೂ ಇಲ್ಲ. ಕಾಣಿಕೆ ತರುವ ತಾರ್ಷೀಷ್, ಶೆಬಗಳ ಅರಸರು ಕೀರ್ತನೆಯಿಂದ ನಡೆದುಬಂದು ಜ್ಞಾನಿಗಳ ತಲೆಯ ಮೇಲೆ ಕಿರೀಟವಿಟ್ಟರು. ಇಂಥ ಕಡೆ ನನಗೆ ಆಕ್ಷೇಪವಿಲ್ಲ. ಯಾರನ್ನೂ ಕುರುಡರೆನ್ನದೆ ಹಾಡು ಹಬ್ಬವಾಗಿದೆ.

ಕಡೆಯದಾಗಿ ಕನ್ನಡದ ಮಾತು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲ್ಗೊಂಡ ಭಾಷಾಂತರದ ಕೆಲಸವನ್ನು ಮುಂದೆ ಬಾಸೆಲ್ ಮಿಷನ್ನಿನವರು ತಿದ್ದಿದರು. ಅದೇ ಮಿಷನ್ನಿನ ಮೊಗ್ಲಿಂಗ್ ೧೮೫೦ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚುಹಾಕಿಸಿದನು. ಕಿಟ್ಟೆಲ್ ೧೮೬೨ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಇಳಿಸಿದನು. ‘ಕೀರ್ತನೆ’ ಎಂಬ ಹೆಸರು ನಿಂತದ್ದು ಈ ಪರಿಸರದಲ್ಲಿ. ಅದರಿಂದಾದ ಲಾಭ ದೊಡ್ಡದು: ಕನ್ನಡಿಗನ ಕಿವಿಗೆ ಅದು ಮೊದಲು ಹಾಡು, ಆಮೇಲೆ ಪ್ರಮಾಣವಾಕ್ಯ. ಆದರೆ ಒಂದು ನಷ್ಟವೂ ಉಂಟು. ಗ್ರೀಕಿನ ಓದುಗನಿಗೆ ೨ನೆಯ ಕೀರ್ತನೆಯ ಅರಸನೂ ಸುವಾರ್ತೆಯ ಯೇಸುವೂ ಒಂದೇ ಶಬ್ದದಿಂದ ‘ಕ್ರಿಸ್ತೋಸ್’. ಕನ್ನಡದಲ್ಲಿ ಅರಸನು ‘ಅಭಿಷಿಕ್ತ’, ಯೇಸು ‘ಕ್ರಿಸ್ತ’. ಒಂದು ಬಿರುದು, ಇನ್ನೊಂದು ಅಂಕಿತನಾಮದಂತೆ. ಎರಡು ಸಾವಿರ ವರ್ಷಗಳ ವಿವಾದಕ್ಕೆ ಕಾರಣವಾದ ಕೊಂಡಿ ನಮ್ಮ ಪುಟದಲ್ಲಿ ಕಾಣುವುದೇ ಇಲ್ಲ. ಪಟ್ಟಾಭಿಷೇಕದ ಅರಸನಿಗೂ ಗರ್ಭಗುಡಿಯ ಮೂರ್ತಿಗೂ ಒಂದೇ ‘ಅಭಿಷೇಕ’ವನ್ನು ಸಲ್ಲಿಸುವ ಭಾಷೆ ನಮ್ಮದು, ಮುಂದಿನ ಪರಿಷ್ಕರಣಕಾರರು ಹೊಸ ಒಡಂಬಡಿಕೆಯಲ್ಲಿ ಒಂದೆರಡು ಕಡೆಯಾದರೂ ‘ಅಭಿಷಿಕ್ತ’ನೆಂದೇ ಬರೆದು ನೋಡಬಹುದು.